ಟೀಚರೇ, ಇದರಲ್ಲಿ ಮುಂದೆ ದಾರಿ ಉಂಟಾ?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಟೀಚರ್. ಶಾಲೆಯ ಯಕ್ಷಗಾನ ತಂಡವನ್ನು ನೋಡಿಕೊಳ್ಳುವುದೂ ನಾನೇ. ಪ್ರತಿ ವರ್ಷ ಶಾಲಾ ಮಕ್ಕಳ ಕಲಾ ಸ್ಪರ್ಧೆಯಾದ ಕಲೋತ್ಸವ ಮುಗಿದ ಕೂಡಲೇ ಮಕ್ಕಳ ಮನೆಯವರು ಬಂದು ಕೇಳುತ್ತಾರೆ: "ಟೀಚರೇ, ಇವನಿಗೆ ಇದರಲ್ಲಿ ಭಾರೀ ಆಸಕ್ತಿ. ಮುಂದೆ ದಾರಿ ಉಂಟಾ? ಹೊಟ್ಟೆ ತುಂಬುತ್ತದಾ?" ಚಿತ್ರ ಬಿಡಿಸುವ, ಹಾಡುವ ಮಕ್ಕಳ ಮನೆಯವರೂ ಇದನ್ನೇ ಕೇಳುತ್ತಾರೆ. ಬೆಂಗಳೂರು, ಮಂಗಳೂರಿನ ಗೆಳೆಯರು ಫೋನು ಮಾಡಿದಾಗಲೂ ಮಾತು ಅಲ್ಲಿಗೇ ಬರುತ್ತದೆ, ಕಾಸರಗೋಡಿನ ಕಲಾವಿದರಿಗೆ ಏನಾದರೂ ಸಿಗುತ್ತದಾ ಅಂತ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ.

ದಾರಿ ಉಂಟು. ನಮ್ಮಲ್ಲಿ ವೇದಿಕೆಗೆ ಬರ ಇಲ್ಲ. ಬರ ಇರುವುದು ಎರಡಕ್ಕೆ: ಸಂಭಾವನೆ ಮತ್ತು ದಾಖಲೆ. ಮೊದಲನೆಯದು ಊರಿನವರ ಕೈಯಲ್ಲಿದೆ. ಎರಡನೆಯದು ಅರ್ಧ ಕಲಾವಿದರ ಕೈಯಲ್ಲಿ, ಅರ್ಧ ನಮ್ಮಂಥ ಓದು ಬರಹ ಬಲ್ಲವರ ಕೈಯಲ್ಲಿ.

ವೇದಿಕೆಯ ವಿಷಯ ಮೊದಲು ಹೇಳುತ್ತೇನೆ. ಕುಂಬಳೆ ಪಾರ್ತಿಸುಬ್ಬನ ಊರು. ಆತ ಬರೆದ ರಾಮಾಯಣದ ಪ್ರಸಂಗಗಳನ್ನು ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಮೇಳಗಳು (ಆಟದ ತಂಡಗಳು) ಇವತ್ತಿಗೂ ಆಡುತ್ತವೆ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟರೆ ತಿರುಗಾಟ ಮುಗಿಯುವ ದಿನವಾದ ಮೇ ಕೊನೆಯ ಪತ್ತನಾಜೆಯವರೆಗೆ ಈ ಕಡೆ ಒಂದಲ್ಲ ಒಂದು ಗದ್ದೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಆಟ ಇದ್ದೇ ಇರುತ್ತದೆ. ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ. ಆಗ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಳೆ ಶುರು. ಎಡನೀರು ಮಠದಲ್ಲಿ ಚಾತುರ್ಮಾಸ್ಯದ ಹೊತ್ತಿಗೆ ತಾಳಮದ್ದಳೆ, ಆಟ, ಸಂಗೀತ ಎಲ್ಲ ನಡೆಯುತ್ತವೆ. ಅಲ್ಲಿ ಪೀಠದಲ್ಲಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ದೇಶ ಇಡೀ ಸಂವಿಧಾನದ ಮೂಲ ರಚನೆಯ ಬಗೆಗಿನ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗುರುತಿಸುತ್ತದೆ. ನಮಗೆ ಅವರು ತಾವೇ ಜಾಗಟೆ ಹಿಡಿದು ಯಕ್ಷಗಾನದ ಪದ ಹೇಳುತ್ತಿದ್ದವರು. ಕಲಾವಿದರನ್ನು ಕರೆದು, ಊಟ ಹಾಕಿ, ಮೇಳ ಕಟ್ಟಿದವರು. ಪೋಷಣೆ ಅಂದರೆ ಏನು ಅಂತ ನೋಡಬೇಕಿದ್ದರೆ ದೂರ ಹೋಗಬೇಕಾಗಿಲ್ಲ.

ಇನ್ನು ಬೊಂಬೆಯಾಟ. ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಕಾಸರಗೋಡು ಪೇಟೆಯಿಂದಲೇ ಹೊರಟು ವಿದೇಶದಲ್ಲೂ ಬೊಂಬೆ ಕುಣಿಸಿ ಬಂದಿದೆ. ಪೆರ್ಲದಲ್ಲಿ ಯಕ್ಷಗಾನ ಕಲಾವಿದ ಪಡ್ರೆ ಚಂದು ಅವರ ನೆನಪಿನ ನಾಟ್ಯ ತರಬೇತಿ ಕೇಂದ್ರ ಮಕ್ಕಳನ್ನು ತಯಾರು ಮಾಡುತ್ತಿದೆ. ಚಿತ್ರ ಬಿಡಿಸುವವರಿಗೆ ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಉಂಟು. ಬದಿಯಡ್ಕ, ಮುಳ್ಳೇರಿಯದ ಮಕ್ಕಳಲ್ಲಿ ಎಷ್ಟು ಜನ ಅದರ ಒಳಗೆ ಕಾಲಿಟ್ಟಿದ್ದಾರೆ? ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಿ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಇದು ಸಣ್ಣ ಸಂಗತಿ ಅಲ್ಲ. ಮೊದಲು ಉಪಜಿಲ್ಲೆ, ಮತ್ತೆ ಜಿಲ್ಲೆ, ಕೊನೆಗೆ ರಾಜ್ಯ. ತಿರುವನಂತಪುರದ ಕಡೆಯ ಮಕ್ಕಳೂ ನಮ್ಮ ಚೆಂಡೆ ಕೇಳುವ ಹಾಗೆ ಆದದ್ದು ಇದರಿಂದ. ಆ ದಿನ ಬಣ್ಣ ಹಚ್ಚುವ ಚೌಕಿ ಅಂದರೆ ಯಾವುದೋ ಕ್ಲಾಸ್ ರೂಮು. ಬೆಂಚುಗಳನ್ನು ಗೋಡೆಗೆ ಒತ್ತಿ, ಚಾಪೆ ಹಾಸಿ, ನಡುವೆ ದೀಪ ಇಟ್ಟಿರುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗ ಅಲ್ಲಾಡದೆ ಮಲಗಿರುತ್ತಾನೆ, ಮುಖದ ಮೇಲೆ ಹಳದಿ ಒಣಗುತ್ತಾ ಇರುತ್ತದೆ. ತುಟಿ ಅಲ್ಲಾಡಿಸದೆ ತನ್ನ ಅರ್ಥ, ಅಂದರೆ ಪಾತ್ರದ ಮಾತು, ಬಾಯಿಪಾಠ ಹೇಳಿಕೊಳ್ಳುತ್ತಾನೆ. ಅಪ್ಪ ಹೊರಗೆ ಜಗಲಿಯಲ್ಲಿ ವೇಷದವರ ಹತ್ತಿರ ಬಾಡಿಗೆ ಮಾತಾಡುತ್ತಿರುತ್ತಾರೆ. ವೇಷಭೂಷಣಕ್ಕೆ ಬಾಡಿಗೆ, ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳಕ್ಕೆ ದುಡ್ಡು, ಕಲಿಸಿದ ಗುರುಗಳಿಗೆ ದಕ್ಷಿಣೆ, ಮೇಲೆ ಜೀಪಿನ ಖರ್ಚು. ಅಪ್ಪ ಅಡಿಕೆ ಸುಲಿಯಲು ಹೋಗುವವರು ಅಂತಾದರೆ ಇದು ದೊಡ್ಡ ಮೊತ್ತ. ಪಿಟಿಎ, ಹಳೆ ವಿದ್ಯಾರ್ಥಿಗಳು ಸೇರಿ ಹೇಗೋ ಹೊಂದಿಸುತ್ತೇವೆ. ಎ ಗ್ರೇಡ್ ಬಂದರೆ ಗ್ರೇಸ್ ಮಾರ್ಕೂ ಸಿಗುತ್ತದೆ. ಆದರೆ ಹತ್ತನೇ ಕ್ಲಾಸು, ಪ್ಲಸ್ ಟು ಮುಗಿಯುತ್ತಿದ್ದ ಹಾಗೆ ತುಂಬಾ ಮಕ್ಕಳ ಗೆಜ್ಜೆ ಅಟ್ಟ ಸೇರುತ್ತದೆ. ನನಗೆ ಅತ್ಯಂತ ಬೇಜಾರಾಗುವುದು ಅಲ್ಲಿ.

ಹೊಟ್ಟೆಪಾಡಿನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಮೇಳಕ್ಕೆ ಸೇರಿದವರಿಗೆ ತಿರುಗಾಟದ ಆರೇಳು ತಿಂಗಳು ಸಂಬಳ ಉಂಟು. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆ ಮನೆಗೆ ಹೋಗುತ್ತಾರೆ, ಕೆಲವರು ಕಲಿಸುತ್ತಾರೆ. ಉಳಿದ ಹೆಚ್ಚಿನವರು ಹವ್ಯಾಸಿಗಳು, ಹಗಲು ಶಾಲೆಯೋ ಬ್ಯಾಂಕೋ ತೋಟವೋ ಇರುವವರು. ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ. ಒಂದೇ ಕೆಲಸ ಹಿಡಿದು ಕೂತವರಿಗಿಂತ ಎರಡು ಮೂರು ಕೆಲಸ ಬಲ್ಲವರು ಕಲೆಯಲ್ಲಿ ಉಳಿದುಕೊಂಡದ್ದನ್ನು ನಾನು ಜಾಸ್ತಿ ನೋಡಿದ್ದೇನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡವರು ಹರಿಕಥೆಯನ್ನೂ ಮಾಡಿದರು, ವೇಷವನ್ನೂ ಹಾಕಿದರು, ತಾಳಮದ್ದಳೆಯಲ್ಲಿ ಅರ್ಥವನ್ನೂ ಹೇಳಿದರು.

ರಂಗದ ಹಿಂದಿನ ಕೆಲಸಗಳನ್ನೂ ಮಕ್ಕಳಿಗೆ ತೋರಿಸಬೇಕು. ಕಿರೀಟ, ಭುಜಕೀರ್ತಿ ಮಾಡುವವರು, ಬಣ್ಣ ಬರೆಯಲು ಕಲಿಸುವವರು, ಮದ್ದಳೆಗೆ ಚರ್ಮದ ಮುಚ್ಚಿಗೆ ಹಾಕುವವರು ನಮ್ಮ ಕಡೆ ಕಡಿಮೆಯಾಗುತ್ತಿದ್ದಾರೆ. ಬೇಡಿಕೆ ಕಡಿಮೆಯಾಗಿಲ್ಲ. ಬೆಂಗಳೂರು, ಮುಂಬೈ, ದುಬೈಯಲ್ಲೂ ಈಗ ಯಕ್ಷಗಾನದ ಕ್ಲಾಸುಗಳಿವೆ, ಅವರಿಗೂ ವೇಷ ಬೇಕು, ಚೆಂಡೆ ಬೇಕು. ಕೈ ಚುರುಕಾಗಿರುವ, ಆದರೆ ರಂಗಕ್ಕೆ ಬರಲು ನಾಚುವ ಮಗು ಮನೆಯಲ್ಲಿದ್ದರೆ ಇದನ್ನು ಯೋಚಿಸಿ.

ಇನ್ನು ದಾಖಲೆ. ನಮ್ಮ ಪಕ್ಕದ ಊರಿನಲ್ಲಿ ಒಬ್ಬರು ಹಿರಿಯ ಮದ್ದಳೆಗಾರರಿದ್ದಾರೆ. ಪ್ರಾಯವಾಯಿತು, ಬೆರಳು ಮೊದಲಿನ ಹಾಗೆ ಓಡುವುದಿಲ್ಲ. ಏನಾದರೂ ಸಹಾಯ ಸಿಗಬಹುದೋ ಅಂತ ಗಡಿಯ ಆಚೆಗಿನ ಒಂದು ಕಚೇರಿಗೆ ಹೋದರು. "ನೀವು ಕೇರಳದವರಲ್ವಾ" ಎಂದರು. ಈಚೆಗಿನ ಒಂದು ಕಚೇರಿಗೆ ಹೋದರು. "ಯಕ್ಷಗಾನ ಕರ್ನಾಟಕದ್ದಲ್ವಾ" ಎಂದರು. 1956ರಲ್ಲಿ ಗಡಿ ಎಳೆದದ್ದು ಅವರ ತಪ್ಪಾ ಮಾರಾಯ್ರೇ? ಕೊನೆಗೆ ಒಂದು ಕಡೆ ಅರ್ಜಿ ತೆಗೆದುಕೊಂಡರು, ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ಆಧಾರ ಕೊಡಿ ಎಂದು ಕೇಳಿದರು. ಅವರ ಮನೆಯ ಟ್ರಂಕಿನಿಂದ ಹಳೆಯ ಕರಪತ್ರಗಳನ್ನು ತೆಗೆದು ನಾವಿಬ್ಬರೂ ಜಗಲಿಯಲ್ಲಿ ಹರಡಿದೆವು. ಗೆದ್ದಲು ತಿಂದದ್ದು ಬಿಟ್ಟು ಒಂದು ಕಟ್ಟು ಸಿಕ್ಕಿತು. ಉದ್ಘಾಟಕರ ಹೆಸರು ದಪ್ಪ ಅಕ್ಷರದಲ್ಲಿತ್ತು, ಅತಿಥಿಗಳ ಹೆಸರು ಸಾಲಾಗಿತ್ತು. ಇವರ ಹೆಸರಿದ್ದದ್ದು ಕೆಲವುಗಳಲ್ಲಿ ಮಾತ್ರ. ಉಳಿದದ್ದರಲ್ಲೆಲ್ಲ "ಮತ್ತು ಬಳಗದವರಿಂದ". ಜೀವಮಾನ ಇಡೀ ಬಾರಿಸಿದ ಮನುಷ್ಯ ಕಾಗದದಲ್ಲಿ ಬರೀ ಬಳಗ.

ಹಾಗಾಗಿ ಕಾರ್ಯಕ್ರಮ ಮಾಡುವವರಲ್ಲಿ ಕೇಳಿಕೊಳ್ಳುತ್ತೇನೆ: ಪದ ಹೇಳುವ ಭಾಗವತರಿಂದ ತಾಳ ಹಾಕುವ ಚಕ್ರತಾಳದವರವರೆಗೆ ಪ್ರತಿಯೊಬ್ಬರ ಹೆಸರನ್ನೂ, ಊರನ್ನೂ ಅಚ್ಚು ಹಾಕಿಸಿ. ಅದಕ್ಕೆ ದುಡ್ಡು ಖರ್ಚಿಲ್ಲ. ಕಲಾವಿದರೂ ಅಷ್ಟೇ, ಕರಪತ್ರ, ಪೇಪರಿನ ವರದಿ, ಫೋಟೋ ಎಲ್ಲವನ್ನೂ ತಾರೀಕು ಬರೆದು ಒಂದು ಫೈಲಿನಲ್ಲಿ ಇಡಿ, ಮೊಬೈಲಿನಲ್ಲೂ ತೆಗೆದಿಡಿ.

ಅರ್ಜಿ ಎಲ್ಲಿಗೆ ಹಾಕುವುದು? ನಮ್ಮವರು ಸಾಮಾನ್ಯವಾಗಿ ಬೆಂಗಳೂರಿನ ಕಡೆಗೇ ನೋಡುತ್ತಾರೆ. ನೋಡಬಾರದು ಅಂತಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯ ಕನ್ನಡ ಸಂಘಗಳ ಸಾಂಸ್ಕೃತಿಕ ಕೆಲಸಕ್ಕೆ ಧನಸಹಾಯ ಕೊಡುತ್ತದೆ. ಅದಕ್ಕೆ ಸಂಘ ನೋಂದಣಿ ಆಗಿರಬೇಕು, ಲೆಕ್ಕಪತ್ರ ಸರಿ ಇರಬೇಕು. ಆದರೆ ನಮ್ಮ ರೇಷನ್ ಕಾರ್ಡು ಕೇರಳದ್ದು. ಇಲ್ಲಿ ಸಿಗಬೇಕಾದದ್ದನ್ನು ಕೇಳದೆ ಬಿಡುವುದು ಯಾಕೆ? ಕಣ್ಣೂರಿನ ಚಿರಕ್ಕಲ್‌ನಲ್ಲಿರುವ ಕೇರಳ ಫೋಕ್‌ಲೋರ್ ಅಕಾಡೆಮಿ ಉತ್ತರ ಕೇರಳದ ಜನಪದ ಕಲೆಗಳಾದ ತೆಯ್ಯಂ, ಪೂರಕ್ಕಳಿಯವರ ಜೊತೆ ಯಕ್ಷಗಾನದವರನ್ನೂ ಗಣಿಸುತ್ತದೆ. ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿ ಎಂಬುದು ಉಂಟು. ಪ್ರಾಯ ಇರುವಾಗಲೇ ಸದಸ್ಯರಾಗಿ ತಿಂಗಳು ತಿಂಗಳು ಸ್ವಲ್ಪ ಕಟ್ಟಿಕೊಂಡು ಬಂದರೆ ಮುಂದೆ ಪಿಂಚಣಿ ಬರುತ್ತದೆ. ಮದ್ದಳೆಗಾರರಿಗೆ ಇದನ್ನು ಸರಿಯಾದ ಹೊತ್ತಿಗೆ ಯಾರೂ ಹೇಳಿರಲಿಲ್ಲ.

ಮಕ್ಕಳಿಗೆ ಕೇಂದ್ರ ಸರಕಾರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ವಿದ್ಯಾರ್ಥಿವೇತನ ಉಂಟು. 10ರಿಂದ 14 ವರ್ಷದವರು ಅರ್ಜಿ ಹಾಕಬಹುದು. ತಲೆಮಾರಿನಿಂದ ಕಲೆ ಮಾಡಿಕೊಂಡು ಬಂದ ಮನೆಯ ಮಕ್ಕಳಿಗೆ ಅದರಲ್ಲಿ ಬೇರೆಯೇ ಪಾಲು ಇಟ್ಟಿದ್ದಾರೆ. 18ರಿಂದ 25 ವರ್ಷದ ಯುವ ಕಲಾವಿದರಿಗೆ ಇನ್ನೊಂದು ಉಂಟು, ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ. ಪ್ಲಸ್ ಟು ಆದ ಮೇಲೆ ಗೆಜ್ಜೆ ಅಟ್ಟಕ್ಕೆ ಹಾಕುವ ಪ್ರಾಯ ಅದೇ ಅಲ್ವಾ?

ರಾಜ್ಯದ ಅರ್ಜಿಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ನಮ್ಮ ಹಿರಿಯ ಕಲಾವಿದರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸರಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಸಾಲು ಇರುವಾಗ ಒಂದೊಂದು ಕಾಲಮ್ಮನ್ನು ವಿವರಿಸಿ ಹೇಳುವಷ್ಟು ಪುರುಸೊತ್ತು ಅವರಿಗೂ ಇರುವುದಿಲ್ಲ. ಮಲಯಾಳ ಓದಲು ಬರುವ ಹುಡುಗರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಒಬ್ಬ ಕಲಾವಿದರ ಜೊತೆ ಒಂದು ದಿನ ವಿಲೇಜ್ ಆಫೀಸಿಗೆ, ಅಕ್ಷಯಕ್ಕೆ ಹೋಗಿ ಬಂದರೆ ಸಾಕು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳು ಇದನ್ನು ಮಾಡುತ್ತಿದ್ದಾರೆ.

ಸಂಭಾವನೆಯ ಬಗ್ಗೆ ಊರಿನವರಿಗೆ ಒಂದು ಮಾತು. ಸನ್ಮಾನ ಬೇಡ ಅನ್ನುವುದಿಲ್ಲ. ಆದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ ಎಲ್ಲ ಕೊಟ್ಟು, ದುಡ್ಡು "ಆಮೇಲೆ ನೋಡುವ" ಎನ್ನುವುದು ನ್ಯಾಯ ಅಲ್ಲ. ಪೆಂಡಾಲಿನವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ಮುಂಗಡ ಕೊಡುತ್ತೇವೆ. ಕಲಾವಿದರಲ್ಲಿ ಮಾತ್ರ "ನಮ್ಮವರೇ ಅಲ್ವಾ, ಸ್ವಲ್ಪ ನೋಡಿ ಮಾಡಿ" ಎನ್ನುತ್ತೇವೆ. ನಮ್ಮವರು ಅಂತಾದರೆ ಮೊದಲು ಅವರಿಗೇ ಕೊಡಬೇಕು. ಎಷ್ಟು ಅಂತ ಮೊದಲೇ ಮಾತಾಡಿ, ಆಟ ಮುಗಿದ ಬೆಳಿಗ್ಗೆ ಚೌಕಿಯಲ್ಲೇ ಲಕೋಟೆ ಕೈಗೆ ಕೊಡಿ. ಹಿಮ್ಮೇಳದವರದ್ದು ಬೇರೆ ಲಕೋಟೆ ಇರಲಿ.

ಹೆಣ್ಣುಮಕ್ಕಳ ಅಮ್ಮಂದಿರಿಗೆ ಮಾತ್ರ ನನ್ನ ಉತ್ತರ ಇಷ್ಟು ಸಲೀಸಾಗಿ ಬರುವುದಿಲ್ಲ. ಕಲೋತ್ಸವದಲ್ಲಿ ಹುಡುಗಿಯರು ಎಳೆಯ ವೀರರ ಪುಂಡುವೇಷ ಹಾಕಿ, ಗಿರಕಿ ಹೊಡೆದು ಧಿಗಿಣ ಹಾರುವುದನ್ನು ನೋಡಿದರೆ ಮೈ ಜುಂ ಅನ್ನುತ್ತದೆ. ಮುಂದೆ ಅವರನ್ನು ತಿರುಗಾಟಕ್ಕೆ ಕರೆಯುವ ಮೇಳ ಎಲ್ಲಿದೆ? ಆದರೂ ದಾರಿ ಇಲ್ಲ ಎಂದು ನಾನು ಹೇಳುವುದಿಲ್ಲ. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಪದ ಹೇಳಿದ ಮೊದಲ ಮಹಿಳಾ ಭಾಗವತರು ಲೀಲಾವತಿ ಬೈಪಾಡಿತ್ತಾಯರು. ಅವರು ಹುಟ್ಟಿದ್ದು ನಮ್ಮ ಮಧೂರಿನಲ್ಲಿ. ಈಗ ಮಹಿಳೆಯರ ತಾಳಮದ್ದಳೆ ಕೂಟಗಳಿವೆ, ಹವ್ಯಾಸಿ ತಂಡಗಳಿವೆ, ಕಲಿಸುವ ಟೀಚರುಗಳೂ ಇದ್ದಾರೆ. ಅವರಿಗೆ ಸಿಗುವುದು ಹೆಚ್ಚಾಗಿ ಮಧ್ಯಾಹ್ನದ ಹೊತ್ತು, ಮುಖ್ಯ ಆಟಕ್ಕೆ ಮೊದಲಿನ ಒಂದು ಗಂಟೆ. ಬರುವ ಜಾತ್ರೆಗೆ ಆಟ ಗೊತ್ತು ಮಾಡುವ ಸಮಿತಿಯವರು ಒಂದು ರಾತ್ರಿ ಪೂರ್ತಿ ಇವರಿಗೆ ಕೊಟ್ಟು ನೋಡಿ. ನಮ್ಮ ಶಾಲೆಯಲ್ಲಿ ಕಲಿತು ಹೋದ ಹುಡುಗಿಯರ ಒಂದು ತಂಡ ಉಂಟು. ಭಾಗವತಿಕೆಯಿಂದ ಹಾಸ್ಯದವರೆಗೆ ಎಲ್ಲದಕ್ಕೂ ಅವರೇ ಇದ್ದಾರೆ. ಸಮಿತಿಯವರು ಶಾಲೆಗೆ ಬಂದರೆ ನಾನೇ ಮಾತಾಡಿಸುತ್ತೇನೆ.