ಕುರಿ ಕಟ್ಟಿಕೊಂಡು ಸೋತ ಶನಿವಾರ

ಯು-ಗಿ-ಓ ಅನ್ನೋ ಕಾರ್ಡ್ ಆಟ ಆಡುವವರು ಈಗಿನ ಆಟದಿಂದ ಸುಸ್ತಾದಾಗ ಹೋಗಿ ಸೇರುವ ಜಾಗ ಒಂದಿದೆ. ಅದರ ಹೆಸರು ಗೋಟ್ ಫಾರ್ಮ್ಯಾಟ್. 2005ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಆಟ ಹೇಗಿತ್ತೋ ಹಾಗೇ ಆಡುವುದು. ಅಂದಿನ ಕಾರ್ಡುಗಳು, ಅಂದಿನ ನಿಷೇಧದ ಪಟ್ಟಿ, ಬೇರೆ ಏನೂ ಇಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಸೈಬರ್ ಡ್ರಾಗನ್ ಬಂತು. ಎದುರಾಳಿಯ ಕಡೆ ಮಾನ್‌ಸ್ಟರ್ (ಹೊಡೆದಾಡುವ ಕಾರ್ಡ್) ಇದ್ದು ನಿಮ್ಮ ಕಡೆ ಖಾಲಿ ಇದ್ದರೆ ಸಾಕು, ಬಿಟ್ಟಿಯಾಗಿ ಬಂದು ನಿಲ್ಲುವ 2100 ಅಟ್ಯಾಕಿನ ಮೃಗ. ಅಲ್ಲಿಂದ ಆಟದ ವೇಗವೇ ಬೇರೆಯಾಯಿತು. ಅದಕ್ಕೆ ಸ್ವಲ್ಪ ಮುಂಚಿನ ಆ ಕೆಲವು ತಿಂಗಳನ್ನು ಜನ ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಇಟ್ಟುಕೊಂಡಿದ್ದಾರೆ.

ನಾನು 2005ರಲ್ಲಿ ಮೈಸೂರಿನಲ್ಲಿದ್ದೆ, ಪ್ರೈಮರಿ ಶಾಲೆಯಲ್ಲಿ. ಸ್ಕೂಲ್ ಪಕ್ಕದ ಅಂಗಡಿಯಲ್ಲಿ ಸಿಗುತ್ತಿದ್ದ ನಕಲಿ ಕಾರ್ಡುಗಳಲ್ಲಿ ಆಡುತ್ತಿದ್ದೆವು. ಕಾರ್ಡಿನ ಮೇಲೆ ಬರೆದದ್ದನ್ನು ಯಾರು ಓದುತ್ತಿದ್ದರು? ಅಟ್ಯಾಕ್ ನಂಬರ್ ಯಾರದ್ದು ದೊಡ್ಡದೋ ಅವನು ಗೆದ್ದ, ಅಷ್ಟೇ. ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೆಲಸ. ಮನೆಯಲ್ಲಿ ಜೊತೆಗಿರುವವನು ಧಾರವಾಡದ ಗೆಳೆಯ. ಹತ್ತಿರದ ಕಾರ್ಡ್ ಅಂಗಡಿಯಲ್ಲಿ ಒಂದು ಶನಿವಾರ ಗೋಟ್ ಟೂರ್ನಮೆಂಟ್ ಇಟ್ಟಿದ್ದಾರೆ ಅಂತ ಗೊತ್ತಾಯಿತು. ಇಬ್ಬರೂ ಹೊರಟೆವು.

ನನ್ನದು ಗೋಟ್ ಕಂಟ್ರೋಲ್ ಡೆಕ್, ಅಂದರೆ ಆಡಲು ಜೋಡಿಸಿಕೊಂಡ ಕಾರ್ಡುಗಳ ಕಟ್ಟು. ಫಾರ್ಮ್ಯಾಟಿಗೆ ಹೆಸರು ಬಂದದ್ದೇ ಇದರಿಂದ. ಸ್ಕೇಪ್‌ಗೋಟ್ ಅನ್ನೋ ಕಾರ್ಡ್ ಹಾಕಿದರೆ ನಾಲ್ಕು ಕುರಿ ಟೋಕನ್ ಬಂದು ಕೂರುತ್ತವೆ. ಅಟ್ಯಾಕ್ ಸೊನ್ನೆ, ಡಿಫೆನ್ಸ್ ಸೊನ್ನೆ. ಸುಮ್ನೆ ಗೋಡೆ. ಆದರೆ ಮೆಟಾಮಾರ್ಫೊಸಿಸ್ ಕೈಯಲ್ಲಿದ್ದರೆ ಒಂದು ಕುರಿಯನ್ನು ಬಲಿ ಕೊಟ್ಟು ಅದೇ ಲೆವೆಲ್‌ನ ಫ್ಯೂಷನ್ ಮಾನ್‌ಸ್ಟರ್ ತರಬಹುದು. ಲೆವೆಲ್ 1ಕ್ಕೆ ಬರುವುದು ಥೌಸಂಡ್-ಐಸ್ ರೆಸ್ಟ್ರಿಕ್ಟ್. ಅದಕ್ಕೂ ಸೊನ್ನೆ, ಸೊನ್ನೆ. ಅದು ಎದುರಾಳಿಯ ಒಂದು ಮಾನ್‌ಸ್ಟರನ್ನು ಎಳೆದು ತನಗೆ ಅಂಟಿಸಿಕೊಂಡು ಅದರ ಶಕ್ತಿಯನ್ನೇ ಬಳಸುತ್ತದೆ. ಅದು ಇರುವವರೆಗೆ ಬೇರೆ ಯಾವ ಮಾನ್‌ಸ್ಟರೂ ಹೊಡೆಯುವಂತಿಲ್ಲ. ಮೈಸೂರಿನ ನಮ್ಮ ಲೆಕ್ಕದಲ್ಲಿ ಈ ಕಾರ್ಡನ್ನು ಯಾರೂ ಪುಕ್ಕಟೆಗೂ ಮುಟ್ಟುತ್ತಿರಲಿಲ್ಲ.

ಮೊದಲ ರೌಂಡಿನಲ್ಲಿ ಎದುರಿಗೆ ಸಿಕ್ಕವನ ಕೈಯಲ್ಲೂ ಇದೇ ಡೆಕ್. ಇದಕ್ಕೆ ಮಿರರ್ ಅಂತಾರೆ. ನೋಡುವವರಿಗೆ ನಿದ್ದೆ ಬರುವ ಆಟ ಇದು. ಆಡುವವರಿಗೆ ಮಾತ್ರ ಕುತ್ತಿಗೆ ನೋಯುತ್ತದೆ. ಯಾಕಂದರೆ ಮೊದಲು ಕೈ ಹಾಕಿದವನಿಗೇ ನಷ್ಟ ಜಾಸ್ತಿ. ಅವನು ಬೇಗ ಡೆಲಿಂಕ್ವೆಂಟ್ ಡುಯೋ ಹಾಕಿದ. ತನ್ನ ಪ್ರಾಣದ ಪಾಯಿಂಟಿನಿಂದ (ಸೊನ್ನೆಯಾದರೆ ಸೋಲು) ಸಾವಿರ ಕಟ್ಟಿ ಎದುರಾಳಿಯ ಕೈಯಿಂದ ಎರಡು ಕಾರ್ಡ್ ಉದುರಿಸುವ ಕಾರ್ಡ್ ಅದು. ಒಂದನ್ನು ಅವನು ಕಣ್ಣುಮುಚ್ಚಿ ಎಳೆಯುತ್ತಾನೆ, ಇನ್ನೊಂದನ್ನು ನಾನೇ ಆರಿಸಿ ಬಿಸಾಕಬೇಕು. ನಾನು ಸಿನಿಸ್ಟರ್ ಸರ್ಪೆಂಟ್ ಬಿಸಾಕಿದೆ. ಅದು ನನ್ನ ಮುಂದಿನ ಸರದಿಗೆ ವಾಪಸ್ ಕೈಗೆ ಬರುತ್ತದೆ. ಅವನ ಮುಖ ಸ್ವಲ್ಪ ಸಣ್ಣಗಾಯಿತು.

ಆಮೇಲೆ ಅವನು ತಾಳ್ಮೆ ಕಳೆದುಕೊಂಡ. ಥೌಸಂಡ್-ಐಸ್ ತಂದು ನನ್ನ ಏರ್‌ನೈಟ್ ಪರ್ಶತ್ ಅನ್ನೋ ಮಾನ್‌ಸ್ಟರನ್ನು ನುಂಗಿಸಿದ. ನನ್ನ ಹತ್ತಿರ ಕುರಿಗಳೂ ಇದ್ದವು, ಎರಡು ಸರದಿಯಿಂದ ಬಚ್ಚಿಟ್ಟಿದ್ದ ಮೆಟಾಮಾರ್ಫೊಸಿಸ್ ಕೂಡ ಇತ್ತು. ನಾನೂ ಥೌಸಂಡ್-ಐಸ್ ತಂದೆ. ಅವನ ಸಾವಿರ ಕಣ್ಣನ್ನು ನನ್ನ ಸಾವಿರ ಕಣ್ಣು ನುಂಗಿತು! ಅವನು ಅಂಟಿಸಿಕೊಂಡಿದ್ದ ಏರ್‌ನೈಟ್ ಗ್ರೇವ್‌ಯಾರ್ಡಿಗೆ, ಅಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿಗೆ, ಹೋಯಿತು. ಹೋಗಲಿ ಬಿಡಿ. ಆ ಗೇಮ್ ಅಲ್ಲಿಗೇ ನನ್ನ ಕಡೆ ವಾಲಿತು, ಮುಂದಿನದ್ದನ್ನೂ ಹೇಗೋ ಗೆದ್ದೆ.

ಎರಡನೇ ರೌಂಡಿನವನದು ಕೇಯಾಸ್ ಟರ್ಬೊ. ಥಂಡರ್ ಡ್ರಾಗನ್ ಬಿಸಾಡಿ ಇನ್ನೆರಡು ಥಂಡರ್ ಡ್ರಾಗನ್ ಎತ್ತಿಕೊಳ್ಳುವುದು, ಗ್ರೇವ್‌ಯಾರ್ಡಿನಲ್ಲಿ ಬೆಳಕಿನದ್ದೊಂದು, ಕತ್ತಲಿನದ್ದೊಂದು ಸೇರಿದ ತಕ್ಷಣ ಕೇಯಾಸ್ ಸಾರ್ಸರರ್ ಇಳಿಸುವುದು. ಅವನ ಮುಂದೆ ನನ್ನ ಕುರಿಗಳ ಗೋಡೆ ನಿಜಕ್ಕೂ ಗೋಡೆಯಾಗಿತ್ತು, ಅವನು ಒಂದೊಂದನ್ನೇ ಹೊಡೆದು ಟೈಮ್ ಕಳೆದ. ಆದರೆ ಸೈಡ್ ಡೆಕ್ಕಿನಿಂದ, ಅಂದರೆ ಗೇಮುಗಳ ನಡುವೆ ಬದಲಿಸಿಕೊಳ್ಳುವ ಕಾರ್ಡುಗಳಿಂದ, ಅವನು ಏರ್‌ನೈಟ್ ತಂದಿದ್ದ. ಡಿಫೆನ್ಸ್‌ನಲ್ಲಿ ಕೂತವರನ್ನೂ ತೂರಿಕೊಂಡು ಹೊಡೆಯುವ 1900ರ ಕುದುರೆ-ಮನುಷ್ಯ. ಕುರಿಗೆ ಡಿಫೆನ್ಸ್ ಸೊನ್ನೆ ತಾನೇ? ಪೂರ್ತಿ 1900 ನನ್ನ ತಲೆಗೆ, ಮೇಲಿಂದ ಅವನಿಗೊಂದು ಹೊಸ ಕಾರ್ಡ್. ಒಂದು ಗೇಮ್ ಹಾಗೆ ಹೋಯಿತು. ಉಳಿದೆರಡು ನನಗೆ ಬಂದವು. ಅದರಲ್ಲಿ ಅದೃಷ್ಟದ್ದೇ ಜಾಸ್ತಿ ಪಾಲು, ಎರಡು ಹೊಸ ಕಾರ್ಡ್ ಕೊಡುವ ಪಾಟ್ ಆಫ್ ಗ್ರೀಡ್ ಎರಡೂ ಸಲ ಮೊದಲ ಕೈಯಲ್ಲೇ ಬಂದಿತ್ತು.

ಮೂರನೇ ರೌಂಡಿಗೆ ಬೋರ್ಡಿನಲ್ಲಿ ಹೆಸರು ನೋಡಿದರೆ, ಎದುರಿಗೆ ಧಾರವಾಡದವನೇ. ಅವನು ಆಡುವುದು ಬರ್ನ್ ಡೆಕ್. ಗೋಟ್ ಆಡುವ ಹಿರಿಯರಲ್ಲಿ ಹಲವರಿಗೆ ಈ ಡೆಕ್ ಕಂಡರೆ ಆಗಲ್ಲ. ನನಗೆ ಅದು ಇಡೀ ಫಾರ್ಮ್ಯಾಟಿನ ಅತ್ಯಂತ ಪ್ರಾಮಾಣಿಕ ಡೆಕ್ ಅನ್ನಿಸುತ್ತದೆ. ಅದು ಯುದ್ಧಕ್ಕೇ ಬರಲ್ಲ. ಗ್ರಾವಿಟಿ ಬೈಂಡ್ ಹಾಕಿ ಲೆವೆಲ್ 4 ಮತ್ತು ಮೇಲಿನ ಯಾರೂ ಹೊಡೆಯದ ಹಾಗೆ ಕಟ್ಟಿಹಾಕುತ್ತದೆ. ಆಮೇಲೆ 8000 ಪಾಯಿಂಟನ್ನು ಐನೂರು, ಸಾವಿರ ಅಂತ ಕೊರೆಯುತ್ತದೆ.

ಈ ಜೋಡಿ ಅಡುಗೆಮನೆಯ ಟೇಬಲ್ ಮೇಲೆ ನಮಗೆ ಬಾಯಿಪಾಠ. ಅವನ ಹತ್ತಿರ ಜಸ್ಟ್ ಡೆಸರ್ಟ್ಸ್ ಅನ್ನೋ ಟ್ರ್ಯಾಪ್, ಅಂದರೆ ಮುಚ್ಚಿಟ್ಟು ಆಮೇಲೆ ತೆರೆಯುವ ಕಾರ್ಡ್, ಇದೆ. ನನ್ನ ಕಡೆ ಎಷ್ಟು ಮಾನ್‌ಸ್ಟರ್ ಇದೆಯೋ ಅಷ್ಟು ಐನೂರು ನನಗೆ ಬರೆ. ನಾಲ್ಕು ಕುರಿ ಅಂದರೆ ಎರಡು ಸಾವಿರ. ಹಾಗಂತ ಸ್ಕೇಪ್‌ಗೋಟನ್ನು ಕೈಯಲ್ಲೇ ಇಟ್ಟುಕೊಂಡರೆ ಡೆಸ್ ಕೋವಾಲ ಇದೆ, ಕೈಯಲ್ಲಿರುವ ಒಂದೊಂದು ಕಾರ್ಡಿಗೂ ನಾನೂರು. ಕೆಳಗೆ ಮುಚ್ಚಿಟ್ಟರೆ ಹೆದರುವವರು ಯಾರು? ಹೊಡೆಯಲು ಬರುವವನಿಗೆ ತಾನೇ ಮುಚ್ಚಿಟ್ಟ ಕಾರ್ಡಿನ ಭಯ. ಮಿರರ್ ಫೋರ್ಸ್, ಸಾಕುರೆತ್ಸು ಆರ್ಮರ್ ಥರದ ಟ್ರ್ಯಾಪ್ ಎಲ್ಲ ಅವನ ಮುಂದೆ ಬರೀ ಕಾಗದ. ಡೆಲಿಂಕ್ವೆಂಟ್ ಡುಯೋಗೆ ಕಟ್ಟುವ ಸಾವಿರ ಕೂಡ ಅವನ ಕೆಲಸವನ್ನು ನಾನೇ ಮಾಡಿಕೊಟ್ಟ ಹಾಗೆ. ಬೆಳಗ್ಗೆಯಿಂದ ನನ್ನನ್ನು ಕಾಪಾಡಿದ್ದ ಕಾರ್ಡುಗಳೇ ಈಗ ನನ್ನ ಕಾಲಿಗೆ ತೊಡರುತ್ತಿದ್ದವು.

ಮೊದಲ ಗೇಮ್ ಅವನದ್ದು. ಆಮೇಲೆ ನಾನು ಸೈಡ್ ಡೆಕ್ ತೆಗೆದೆ. ಸ್ಕೇಪ್‌ಗೋಟ್‌ಗಳು ಆಚೆ, ಮೆಟಾಮಾರ್ಫೊಸಿಸ್ ಆಚೆ. ಕುರಿಯಿಲ್ಲದ ಗೋಟ್ ಡೆಕ್! ಒಳಗೆ ಬಂದದ್ದು ಎದುರಾಳಿಯ ಒಂದು ಸ್ಪೆಲ್ ಅಥವಾ ಟ್ರ್ಯಾಪ್ ಒಡೆಯುವ ಡಸ್ಟ್ ಟೊರ್ನೇಡೊ, ಟ್ರ್ಯಾಪ್‌ಗಳನ್ನೆಲ್ಲ ಮಲಗಿಸುವ ರಾಯಲ್ ಡಿಕ್ರೀ, ಬಂದ ಕೂಡಲೇ ಎರಡು ಸ್ಪೆಲ್-ಟ್ರ್ಯಾಪ್ ಒಡೆಯುವ ಮೋಬಿಯಸ್. ಎರಡನೇ ಗೇಮಿನಲ್ಲಿ ಡಿಕ್ರೀ ಬೇಗ ಬಂತು. ಅವನ ಗ್ರಾವಿಟಿ ಬೈಂಡ್ ಸತ್ತು ಬಿತ್ತು, ಹೊಡೆದು ಮುಗಿಸಿದೆ. “ಇದು ಬರೋಬ್ಬರಿ ಅಲ್ಲೋ ದೋಸ್ತ,” ಅಂದ, ಕಾರ್ಡ್ ಕಲಸುತ್ತಾ.

ಮೂರನೆಯದ್ದರಲ್ಲಿ ಡಿಕ್ರೀ ಬರಲೇ ಇಲ್ಲ. ಅವನ ಸ್ಟೆಲ್ತ್ ಬರ್ಡ್ ಅನ್ನೋ ಮಾನ್‌ಸ್ಟರ್ ಒಂದು ಸಲ ಎದ್ದು ಸಾವಿರ, ಮಲಗಿ ಮತ್ತೆ ಎದ್ದು ಸಾವಿರ, ಹೀಗೆ ಮೂರು ಸಾವಿರ ತಿಂದಿತು. ಕೋವಾಲ 1600. ಡುಯೋಗೆ ನಾನೇ ಕಟ್ಟಿದ್ದು ಸಾವಿರ, ಆ ಹೊತ್ತಿಗೆ ಅದು ಬೇಕೇ ಬೇಕಿತ್ತು. ಉಳಿದದ್ದು 2400. ಆದರೆ ಅವನ ಕೈಯೂ ಬರಿದಾಗಿತ್ತು, ಮುಂದೆ ಮುಚ್ಚಿಟ್ಟ ಎರಡೇ ಕಾರ್ಡ್. ನನ್ನ ಕಡೆ ಬ್ರೇಕರ್ ಮತ್ತು ಡೆಕೋಯಿಚಿ ಅನ್ನೋ ಎರಡು ಮಾನ್‌ಸ್ಟರ್. ಡೆಕೋಯಿಚಿಯನ್ನು ಬಲಿ ಕೊಟ್ಟು ಮೋಬಿಯಸ್ ಇಳಿಸಿದೆ, ಆ ಎರಡೂ ಕಾರ್ಡಿನ ಮೇಲೆ ಬೆರಳಿಟ್ಟೆ.

“ತಡಿ ತಡಿ,” ಅಂದ. ಒಂದನ್ನು ತೆರೆದ. ಜಸ್ಟ್ ಡೆಸರ್ಟ್ಸ್. ನನ್ನ ಕಡೆ ಇರುವುದು ಇಬ್ಬರೇ, ಬರೀ ಸಾವಿರ, ತಡೆದುಕೊಳ್ಳಬಹುದು ಅಂದುಕೊಂಡೆ. ಅವನು ಅದರ ಮೇಲೆ ಇನ್ನೊಂದನ್ನೂ ತೆರೆದ. ಓಜಾಮ ಟ್ರಿಯೋ. ಎದುರಾಳಿಯ ಅಂಗಳಕ್ಕೆ ಮೂರು ಕೋಡಂಗಿ ಟೋಕನ್ ತಂದು ಕೂರಿಸುವ ಕಾರ್ಡ್. ಹೀಗೆ ಒಂದರ ಮೇಲೊಂದು ತೆರೆದ ಚೈನಿನಲ್ಲಿ ಕೊನೆಗೆ ಇಟ್ಟದ್ದು ಮೊದಲು ನಡೆಯುತ್ತದೆ. ಮೊದಲು ಟೋಕನ್‌ಗಳು ಬಂದವು, ನನ್ನ ಐದು ಜಾಗವೂ ಭರ್ತಿ. ಆಮೇಲೆ ಲೆಕ್ಕ. ಐದು ಐನೂರು, 2500.

“ನೀ ಕುರಿ ತರಂಗಿಲ್ಲ ಅಂದ್ರ ಏನಾತು, ನಾನ ತಂದು ಕಟ್ತೇನಿ ತಗೋ,” ಅಂದ. ಪಕ್ಕದ ಟೇಬಲಿನ ಅಮೆರಿಕದ ಹುಡುಗರಿಗೆ ಕನ್ನಡ ಬಾರದು, ಆದರೂ ಆಟ ನೋಡಿ ನಕ್ಕರು. ನೂರು ಪಾಯಿಂಟಿನ ಅಂತರ ಮಾರಾಯ್ರೇ! ಹೊಟ್ಟೆ ಉರಿಯಿತು. ಆದರೆ ಆ ಎರಡು ಕಾರ್ಡನ್ನು ಅವನು ಅಷ್ಟು ಹೊತ್ತು ಮುಟ್ಟದೆ ಕಾದಿದ್ದನಲ್ಲ, ಅದಕ್ಕೆ ಕೈ ಕುಲುಕಿಯೇ ಎದ್ದೆ.

ಮುಂದಿನ ರೌಂಡಿನಲ್ಲಿ ಅವನಿಗೆ ಸಿಕ್ಕಿದ್ದು ವಾರಿಯರ್ ಡೆಕ್. ನನಗೆ ಸಿಕ್ಕಿದ್ದರೆ ಕುರಿ ಕೂರಿಸಿಕೊಂಡು ಆರಾಮವಾಗಿ ಕಾಯುತ್ತಿದ್ದೆ. ಅವನ ಗತಿ ಬೇರೆಯೇ ಆಯಿತು. ಆ ಡೆಕ್ಕಿನಲ್ಲಿ ಮಿಸ್ಟಿಕ್ ಸ್ವೋರ್ಡ್ಸ್‌ಮನ್ ಅಂತ ಒಬ್ಬ ಇದ್ದಾನೆ, ಲೆವೆಲ್ 2. ಗ್ರಾವಿಟಿ ಬೈಂಡ್ ಅವನನ್ನು ಹಿಡಿಯಲ್ಲ. ಮುಖ ಕೆಳಗಾಗಿ ಮಲಗಿದ ಮಾನ್‌ಸ್ಟರನ್ನು ಮುಟ್ಟಿದರೆ ಸಾಕು, ಅದು ಕಣ್ಣು ಬಿಡುವ ಮೊದಲೇ ಸತ್ತಿರುತ್ತದೆ. ಸ್ಟೆಲ್ತ್ ಬರ್ಡ್ ಆಗಲಿ ಕೋವಾಲ ಆಗಲಿ ಒಂದೂ ಎದ್ದೇಳಲಿಲ್ಲ. ನೋಡುತ್ತಾ ನಿಂತಿದ್ದ ನನಗೆ 900ರ ಆ ಸಣ್ಣ ಹುಡುಗನ ಮೇಲೆ ಪ್ರೀತಿಯೇ ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಗೆಳೆಯ ಕೇಳಿದ, “ಮುಂದಿನ ಸಲ ಆ ಸಣ್ಣವನ್ನ ಸೈಡಿಗೆ ಹಾಕೊಳಾಂವ ಏನು ನೀ?”

“ಹೇಳಲ್ಲ,” ಅಂದೆ.