“ಎಲ್ಲರೂ ಬರಲಿಲ್ಲ” ಎಂದರೆ ಏನರ್ಥ?

ಕೆಲವು ತಿಂಗಳ ಹಿಂದೆ ಒಂದು ವರದಿಯನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದಾಗ “ಸಭೆಗೆ ಸದಸ್ಯರೆಲ್ಲರೂ ಬರಲಿಲ್ಲ” ಎಂಬ ವಾಕ್ಯದ ಬಳಿ ನನ್ನ ಕೆಲಸ ನಿಂತುಹೋಯಿತು. ಒಬ್ಬರೂ ಬರಲಿಲ್ಲವೆಂದು ಇದರ ಅರ್ಥವೋ, ಕೆಲವರು ಬಂದು ಉಳಿದವರು ಬರಲಿಲ್ಲವೆಂದೋ? ಕನ್ನಡದಲ್ಲಿ ಓದುವಾಗ ಯಾವ ತೊಡಕನ್ನೂ ತೋರದ ಈ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಎರಡು ಬೇರೆ ವಾಕ್ಯಗಳಲ್ಲಿ ಒಂದನ್ನು ಆರಿಸಲೇಬೇಕಾಗಿತ್ತು. ವಾಕ್ಯದ ಪ್ರತಿಯೊಂದು ಪದದ ಅರ್ಥವೂ ನನಗೆ ಗೊತ್ತಿದ್ದರೂ ವಾಕ್ಯದ ಅರ್ಥ ಮಾತ್ರ ಗೊತ್ತಿರಲಿಲ್ಲ. ಅರ್ಥವಿಜ್ಞಾನದ ಮೂಲ ಪರಿಕಲ್ಪನೆಗಳನ್ನು ಮತ್ತೆ ಮೊದಲಿನಿಂದ ಓದಬೇಕೆಂದು ನನಗನಿಸಿದ್ದು ಆಗಲೇ.

ಓದುತ್ತ ಹೋದಂತೆ ಸ್ಪಷ್ಟವಾದ ಮೊದಲ ಸಂಗತಿಯೆಂದರೆ, “ಅರ್ಥ” ಎಂಬ ಒಂದೇ ಪದದಿಂದ ನಾವು ಹಲವು ಬೇರೆ ಬೇರೆ ವಿಷಯಗಳನ್ನು ಕರೆಯುತ್ತೇವೆ ಎಂಬುದು. ಹೊಗೆಯಿದ್ದರೆ ಬೆಂಕಿಯಿದೆ ಎಂದರ್ಥ. ಈ ಪದದ ಅರ್ಥ ಹೀಗೆ. ಅವರು ಹಾಗೆ ಹೇಳಿದ್ದರ ಅರ್ಥವೇ ಬೇರೆ. ಈ ಮೂರು ಬಳಕೆಗಳೂ ಒಂದೇ ಅಲ್ಲ. ಹೊಗೆ ಬೆಂಕಿಯನ್ನು ಸೂಚಿಸುವುದು ನಿಸರ್ಗದ ಸಂಬಂಧದಿಂದ. ಅದರ ಹಿಂದೆ ಯಾರ ಉದ್ದೇಶವೂ ಇಲ್ಲ. ಮಾತಿನ ಅರ್ಥಕ್ಕೆ ಆಡುವವರ ಉದ್ದೇಶ ಬೇಕು, ಕೇಳುವವರು ಆ ಉದ್ದೇಶವನ್ನು ಗುರುತಿಸುವುದೂ ಬೇಕು. ತತ್ವಜ್ಞಾನಿ ಪಾಲ್ ಗ್ರೈಸ್ 1957ರ ತಮ್ಮ ಪ್ರಬಂಧವೊಂದರಲ್ಲಿ ಈ ಎರಡನ್ನೂ ಬೇರ್ಪಡಿಸಿದರು. ಅರ್ಥದ ಬಗೆಗಿನ ಎಷ್ಟೋ ವಾದಗಳು ಮುಂದೆ ಸಾಗದಿರುವುದಕ್ಕೆ ಇಂಥ ಭೇದಗಳನ್ನು ಮರೆಯುವುದೇ ಕಾರಣವೆಂದು ನಾನು ನಂಬಿದ್ದೇನೆ.

ಪದವೆಂದರೆ ವಸ್ತುವಿಗೆ ಅಂಟಿಸಿದ ಚೀಟಿ, ಆ ವಸ್ತುವೇ ಪದದ ಅರ್ಥ ಎಂಬ ತಿಳಿವಳಿಕೆ ಎಲ್ಲರಲ್ಲೂ ಸಹಜವಾಗಿ ಇರುತ್ತದೆ. 1892ರಲ್ಲಿ ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ ಇದು ಸಾಲದೆಂದು ತೋರಿಸಿದ ರೀತಿ ಸರಳವೂ ಸುಂದರವೂ ಆಗಿದೆ. ಮುಂಜಾನೆಯ ನಕ್ಷತ್ರವೆಂದು ಜನ ಕರೆದದ್ದೂ ಸಂಜೆಯ ನಕ್ಷತ್ರವೆಂದು ಕರೆದದ್ದೂ ಶುಕ್ರಗ್ರಹವನ್ನೇ. ಸೂಚಿತವಾದ ವಸ್ತುವೇ ಅರ್ಥವಾಗಿದ್ದರೆ “ಮುಂಜಾನೆಯ ನಕ್ಷತ್ರವೇ ಸಂಜೆಯ ನಕ್ಷತ್ರ” ಎಂಬ ಮಾತು “ಶುಕ್ರವೇ ಶುಕ್ರ” ಎಂಬಷ್ಟೇ ಬರಿದಾಗಿರಬೇಕಿತ್ತು. ಆದರೆ ಮೊದಲನೆಯದು ಆಕಾಶವನ್ನು ನೋಡಿ ಕಂಡುಕೊಳ್ಳಬೇಕಾದ ಸತ್ಯ, ಎರಡನೆಯದಕ್ಕೆ ಕಣ್ಣು ತೆರೆಯುವ ಅಗತ್ಯವೂ ಇಲ್ಲ. ಆದ್ದರಿಂದ ಸೂಚಿತ ವಸ್ತು ಬೇರೆ, ಆ ವಸ್ತು ನಮ್ಮೆದುರು ಬರುವ ಬಗೆ ಬೇರೆ. ಅರ್ಥದಲ್ಲಿ ಇವೆರಡೂ ಇವೆ.

ಪದಗಳು ಲೋಕದೊಡನೆ ಮಾತ್ರವಲ್ಲ, ತಮ್ಮತಮ್ಮಲ್ಲೂ ಸಂಬಂಧ ಹೊಂದಿರುತ್ತವೆ. ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸಸ್ಯೂರ್ ಅವರ ಉಪನ್ಯಾಸಗಳು ಅವರು ತೀರಿಕೊಂಡ ಮೇಲೆ, 1916ರಲ್ಲಿ ಪ್ರಕಟವಾದವು. ಪದದ ಮೌಲ್ಯವನ್ನು ನಿರ್ಧರಿಸುವುದು ಅದೇ ಭಾಷೆಯಲ್ಲಿ ಅದರ ನೆರೆಯಲ್ಲಿರುವ ಪದಗಳು ಎಂಬುದು ಅಲ್ಲಿನ ಮುಖ್ಯ ವಿಚಾರಗಳಲ್ಲೊಂದು. ಅನುವಾದಕರಿಗೆ ಇದು ದಿನನಿತ್ಯದ ಅನುಭವ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕು ಪದಗಳನ್ನು ಎರಡೇ ಲಕ್ಷಣಗಳಿಂದ ವಿವರಿಸಬಹುದು: ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ. ಇಂಗ್ಲಿಷಿನ “ಬ್ರದರ್” ಮೊದಲ ಲಕ್ಷಣವನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತದೆ. ಹೀಗಾಗಿ ಇಂಗ್ಲಿಷ್ ಕಾದಂಬರಿಯ ಮೊದಲ ಪುಟದಲ್ಲಿ ಆ ಪದ ಬಂದರೆ, ಇಬ್ಬರಲ್ಲಿ ಯಾರು ಮೊದಲು ಹುಟ್ಟಿದರೆಂದು ತಿಳಿಯಲು ಕನ್ನಡದ ಅನುವಾದಕರು ಇಡೀ ಪುಸ್ತಕವನ್ನು ಓದಬೇಕಾಗಬಹುದು. ಕೊನೆಯವರೆಗೂ ಅದು ತಿಳಿಯದೆಯೂ ಹೋಗಬಹುದು. ಮೂಲದ ಲೇಖಕರು ಹೇಳದೆ ಉಳಿಸಿದ್ದನ್ನು ಹೇಳಲೇಬೇಕೆಂದು ನಮ್ಮ ಭಾಷೆ ಕೇಳುತ್ತದೆ. ಭಾಷೆಗಳ ನಡುವಿನ ವ್ಯತ್ಯಾಸ ಏನನ್ನು ಹೇಳಬಹುದು ಎಂಬುದಕ್ಕಿಂತ ಏನನ್ನು ಹೇಳದೆ ಇರಲಾಗದು ಎಂಬುದರಲ್ಲಿ ಹೆಚ್ಚು ಕಾಣುತ್ತದೆ ಎಂಬ ಮಾತು ಇಲ್ಲಿ ನನಗೆ ನಿಜವೆನಿಸುತ್ತದೆ.

ಒಂದೇ ರೂಪಕ್ಕೆ ಹಲವು ಅರ್ಥಗಳಿರುವ ವಿಷಯ ಶಾಲೆಯ ವ್ಯಾಕರಣದಿಂದಲೇ ಪರಿಚಿತವಾದ್ದರಿಂದ ಹೆಚ್ಚು ಬೆಳೆಸುವುದಿಲ್ಲ. “ಏಳು”, “ಹತ್ತು” ಎಂಬವು ಸಂಖ್ಯೆಗಳೂ ಹೌದು, ಕ್ರಿಯಾಪದಗಳೂ ಹೌದು. ಆ ಅರ್ಥಗಳ ನಡುವೆ ಇಂದಿನ ಭಾಷಿಕರಿಗೆ ಯಾವ ನಂಟೂ ಕಾಣದು. ಮನುಷ್ಯನ ಕಣ್ಣಿಗೂ ಸೂಜಿಯ ಕಣ್ಣಿಗೂ ಇರುವ ನಂಟಾದರೋ ಎಲ್ಲರಿಗೂ ಕಾಣುತ್ತದೆ. “ಕಾಲು” ಪದದಲ್ಲಿ ಮಾತ್ರ ನನಗೆ ಅನುಮಾನ ಹುಟ್ಟುತ್ತದೆ: ಅವಯವಕ್ಕೂ ನಾಲ್ಕನೆಯ ಒಂದು ಭಾಗಕ್ಕೂ ಅದೇ ಪದ, ಸಂಸ್ಕೃತದ “ಪಾದ”ಕ್ಕೂ ಅವೇ ಎರಡು ಅರ್ಥಗಳು. ಪ್ರಾಣಿಗೆ ನಾಲ್ಕು ಕಾಲುಗಳಿರುವುದನ್ನು ನೆನೆದರೆ ಎರಡನ್ನೂ ಒಂದೇ ಪದವೆಂದು ಎಣಿಸಲು ಮನಸ್ಸಾಗುತ್ತದೆ.

ಇನ್ನು ವಾಕ್ಯಕ್ಕೆ ಬರೋಣ. “ಬೇಟೆಗಾರ ಹುಲಿಯನ್ನು ಕೊಂದ” ಎಂಬುದು ನಿಜವಾದರೆ “ಹುಲಿ ಸತ್ತಿತು” ಎಂಬುದೂ ನಿಜವಾಗಲೇಬೇಕು. “ಕೊಲ್ಲಲಿಲ್ಲ” ಎಂದ ಕೂಡಲೇ ಈ ಫಲಿತ ಬಿದ್ದುಹೋಗುತ್ತದೆ, ಹುಲಿ ಬದುಕಿರಬಹುದು. ಆದರೆ “ಅವನು ಬೇಟೆಯಾಡುವುದನ್ನು ಬಿಟ್ಟ” ಎಂಬ ವಾಕ್ಯವನ್ನು ನೋಡಿ: “ಬಿಡಲಿಲ್ಲ” ಎಂದರೂ, “ಬಿಟ್ಟನೇ?” ಎಂದು ಕೇಳಿದರೂ, ಹಿಂದೆ ಅವನು ಬೇಟೆಯಾಡುತ್ತಿದ್ದನೆಂಬ ಅಂಶ ಅಲುಗದೆ ನಿಲ್ಲುತ್ತದೆ. ಇದು ಪೂರ್ವಕಲ್ಪನೆ, ಎಂದರೆ ಮಾತು ಆರಂಭವಾಗುವ ಮೊದಲೇ ಒಪ್ಪಿಗೆಯಾಗಿದೆಯೆಂದು ಮಾತುಗಾರರು ಎಣಿಸಿರುವ ಸಂಗತಿ. ಕನ್ನಡದ “ಊ” ಎಂಬ ಪುಟ್ಟ ಪ್ರತ್ಯಯ ಇದೇ ಕೆಲಸವನ್ನು ಮಾಡುತ್ತದೆ. “ರವಿಯೂ ಬಂದ” ಎಂದರೆ ಬೇರೊಬ್ಬರು ಬಂದಿದ್ದಾರೆಂಬುದು ಹೇಳದೆಯೇ ಒಪ್ಪಿತವಾಗಿರುತ್ತದೆ. ಇದೇ “ಊ” “ಯಾರು” ಎಂಬುದಕ್ಕೆ ಸೇರಿ ನಿಷೇಧದೊಡನೆ ಬಂದಾಗ “ಯಾರೂ ಇಲ್ಲ” ಎಂಬ ಪೂರ್ಣ ಅಭಾವವನ್ನು ಕೊಡುತ್ತದೆ, “ಎಲ್ಲರು” ಎಂಬುದಕ್ಕೆ ಸೇರಿ ಯಾರನ್ನೂ ಬಿಡದ ಸಮಗ್ರತೆಯನ್ನು ಕೊಡುತ್ತದೆ. ಒಂದೇ ಸ್ವರದ ಈ ಪ್ರತ್ಯಯ ಇಷ್ಟು ಭಾರ ಹೊರುವುದನ್ನು ಕಂಡಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಪದಗಳ ಅರ್ಥಗಳು ಸೇರಿ ವಾಕ್ಯದ ಅರ್ಥ ಹೇಗಾಗುತ್ತದೆ ಎಂಬುದು ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರ ಹಳೆಯ ಪ್ರಶ್ನೆ. ಪದಗಳು ಮೊದಲು ತಮ್ಮ ಅರ್ಥಗಳನ್ನು ಹೇಳಿ ಅನಂತರ ಆ ಅರ್ಥಗಳು ಒಂದಕ್ಕೊಂದು ಅನ್ವಯವಾಗುತ್ತವೆ ಎಂದು ಕುಮಾರಿಲ ಭಟ್ಟನ ಪಂಥ ಹೇಳಿದರೆ, ಅನ್ವಯಗೊಂಡ ಅರ್ಥವನ್ನೇ ಪದಗಳು ಹೇಳುತ್ತವೆ ಎಂಬುದು ಪ್ರಭಾಕರನ ಪಂಥದ ನಿಲುವು. ಆಕಾಂಕ್ಷೆ (ಒಂದು ಪದ ಇನ್ನೊಂದನ್ನು ಬಯಸುವುದು), ಯೋಗ್ಯತೆ (ಅರ್ಥಗಳು ಒಂದಕ್ಕೊಂದು ಹೊಂದುವುದು), ಸನ್ನಿಧಿ (ಪದಗಳು ಹತ್ತಿರ ಹತ್ತಿರ ಬರುವುದು) ಇವುಗಳಿಲ್ಲದೆ ಪದಗಳ ಗುಂಪು ವಾಕ್ಯವಾಗದು ಎಂಬುದೂ ಈ ಚರ್ಚೆಯ ಭಾಗವೇ. “ಬೆಂಕಿಯಿಂದ ತೋಯಿಸು” ಎಂಬಲ್ಲಿ ವ್ಯಾಕರಣ ಸರಿಯಿದ್ದರೂ ಯೋಗ್ಯತೆಯಿಲ್ಲ.

ನನ್ನನ್ನು ತಡೆದ ವಾಕ್ಯದ ತೊಡಕಿರುವುದೂ ಈ ಜೋಡಣೆಯಲ್ಲೇ. ನಿಷೇಧದ ವ್ಯಾಪ್ತಿಯೊಳಗೆ, ಎಂದರೆ “ಇಲ್ಲ” ಎಂಬುದು ಅಲ್ಲಗಳೆಯುವ ಭಾಗದೊಳಗೆ, “ಎಲ್ಲರೂ” ಸೇರಿದರೆ ಎಲ್ಲರೂ ಬಂದರೆಂಬುದು ಸುಳ್ಳು ಎಂದಷ್ಟೇ ಆಗುತ್ತದೆ. “ಎಲ್ಲರೂ” ಹೊರಗೆ ನಿಂತರೆ ಪ್ರತಿಯೊಬ್ಬರ ವಿಷಯದಲ್ಲೂ ಬರಲಿಲ್ಲವೆಂದಾಗುತ್ತದೆ. “ನಾನು ಎರಡು ಪುಸ್ತಕ ಓದಲಿಲ್ಲ” ಎಂಬಂಥ ವಾಕ್ಯಗಳಲ್ಲಿಯೂ ಇದೇ ದ್ವಂದ್ವವಿದೆ: ಎರಡು ಪುಸ್ತಕ ಓದಿದೆನೆಂಬುದು ಸುಳ್ಳು ಎಂದೋ, ಓದದೆ ಬಿಟ್ಟ ಪುಸ್ತಕಗಳು ಎರಡು ಎಂದೋ? ಭಾಷಾವಿಜ್ಞಾನಿಗಳಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮತ್ತು ಇಂಗ್ಲಿಷ್ ಆಡುವವರನ್ನು ಈ ವಿಷಯದಲ್ಲಿ ಹೋಲಿಸಿತು. ದೊಡ್ಡವರಿಗೆ ಎರಡೂ ಅರ್ಥಗಳು ಹೊಳೆದರೆ, ನಾಲ್ಕು ವರ್ಷದ ಮಕ್ಕಳು ಎರಡು ಭಾಷೆಗಳಲ್ಲೂ ಸಂಖ್ಯೆಯನ್ನು ನಿಷೇಧದ ಒಳಗಿಟ್ಟು ನೋಡುವ ಅರ್ಥದ ಕಡೆಗೇ ವಾಲಿದರು. ಕನ್ನಡದಲ್ಲಿ ಸಂಖ್ಯೆ ಮೊದಲು ಬಂದು ನಿಷೇಧ ಕೊನೆಗೆ ಬರುವುದರಿಂದ, ಮಕ್ಕಳು ಕೇವಲ ಪದಗಳ ಸರದಿಯನ್ನು ಅನುಸರಿಸಿದ್ದರೆ ಹೀಗಾಗಬಾರದಿತ್ತು. ಕಿವಿಗೆ ಬೀಳುವ ಕ್ರಮದ ಹಿಂದಿರುವ ವಾಕ್ಯರಚನೆಯನ್ನೇ ಅವರು ಹಿಡಿದಿದ್ದರು. ಇದನ್ನು ಓದಿದ ದಿನ ನನ್ನ ತಾಯ್ನುಡಿಯ ಬಗ್ಗೆ ನನಗೆ ಹೊಸ ಗೌರವ ಹುಟ್ಟಿತು.

ಎರಡು ಅರ್ಥಗಳಿಗೂ ಅವಕಾಶವಿದ್ದರೂ ಕೇಳುವವರು ಸಾಮಾನ್ಯವಾಗಿ ಗೊಂದಲಕ್ಕೆ ಬೀಳುವುದಿಲ್ಲ. ಇದಕ್ಕೆ ಕಾರಣವನ್ನು ಗ್ರೈಸ್ ಅವರ 1975ರ ಪ್ರಬಂಧದ ನೆರವಿನಿಂದ ಹೀಗೆ ವಿವರಿಸಬಹುದು. ಒಬ್ಬರೂ ಬಾರದಿದ್ದರೆ “ಯಾರೂ ಬರಲಿಲ್ಲ” ಎಂಬ ಸ್ಪಷ್ಟವಾದ ಮಾತು ಕೈಗೆಟಕುವಂತಿತ್ತು. ಅದನ್ನು ಬಿಟ್ಟು “ಎಲ್ಲರೂ” ಎಂದಿದ್ದಾರೆಂದರೆ ಕೆಲವರು ಬಂದಿರಬೇಕು. ಗ್ರೈಸ್ ಸೂಚಿತಾರ್ಥವೆಂದು ಕರೆದ ಈ ಊಹೆ ವಾಕ್ಯದ ಒಳಗಿಲ್ಲ, ಮಾತುಗಾರರು ಸಹಕರಿಸುತ್ತಿದ್ದಾರೆಂಬ ನಮ್ಮ ನಂಬಿಕೆಯಿಂದ ಹುಟ್ಟುತ್ತದೆ. ಆದ್ದರಿಂದಲೇ ಅದನ್ನು ವಿರೋಧಾಭಾಸವಿಲ್ಲದೆ ಹಿಂತೆಗೆಯಬಹುದು: “ಎಲ್ಲರೂ ಬರಲಿಲ್ಲ, ನಿಜ ಹೇಳಬೇಕೆಂದರೆ ಒಬ್ಬರೂ ಬರಲಿಲ್ಲ.” ಹುಲಿಯನ್ನು ಕೊಂದನೆಂದು ಹೇಳಿ ಅದು ಸಾಯಲಿಲ್ಲವೆನ್ನಲು ಬಾರದು.

ಇಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ನೆನಪಾಗುವುದು ಸಹಜ. ನೇರವಾಗಿ ಹೇಳಿದ ವಾಚ್ಯಾರ್ಥವನ್ನು ಮೀರಿ ಹೊಳೆಯುವ ವ್ಯಂಗ್ಯಾರ್ಥವನ್ನು, ಎಂದರೆ ಧ್ವನಿಯನ್ನು, ಆತ ಒಂಬತ್ತನೆಯ ಶತಮಾನದಲ್ಲಿಯೇ ಸಮರ್ಥಿಸಿದ್ದ. “ಸೂರ್ಯ ಮುಳುಗಿದ” ಎಂಬ ಒಂದೇ ಮಾತು ಕೇಳುವವರನ್ನು ಅವಲಂಬಿಸಿ ಬೇರೆ ಬೇರೆ ಸೂಚನೆ ಕೊಡುತ್ತದೆ ಎಂಬುದು ಅಲಂಕಾರಶಾಸ್ತ್ರದ ಪ್ರಸಿದ್ಧ ಉದಾಹರಣೆ. ಆದರೂ ಧ್ವನಿಯನ್ನೂ ಗ್ರೈಸ್ ಅವರ ಸೂಚಿತಾರ್ಥವನ್ನೂ ಒಂದೇ ಎನ್ನುವವರ ಜೊತೆ ನಾನು ಹೋಗಲಾರೆ. ಗ್ರೈಸ್ ವಿವರಿಸುವುದು ತರ್ಕದಿಂದ ಹಂತಹಂತವಾಗಿ ಬಿಡಿಸಬಹುದಾದ ಊಹೆಯನ್ನು. ಆನಂದವರ್ಧನನಿಗೆ ಮುಖ್ಯವಾದ, ರಸವನ್ನು ಹೊಳೆಯಿಸುವ ರಸಧ್ವನಿಯಲ್ಲಿ ಕ್ರಮವಿದ್ದರೂ ಅದು ಸಹೃದಯರ, ಎಂದರೆ ಕಾವ್ಯದ ರಸಿಕರ, ಅರಿವಿಗೆ ಬರುವುದಿಲ್ಲ.

ಕೊನೆಗೆ ವರದಿಯ ಲೇಖಕರಿಗೆ ಪತ್ರ ಬರೆದು ಕೇಳಿದೆ. ಹನ್ನೊಂದು ಸದಸ್ಯರಲ್ಲಿ ಎಂಟು ಮಂದಿ ಬಂದಿದ್ದರಂತೆ. ಅನುವಾದದಲ್ಲಿ “ಸದಸ್ಯರಲ್ಲಿ ಕೆಲವರು ಗೈರುಹಾಜರಾಗಿದ್ದರು” ಎಂಬ ಅರ್ಥ ಬರುವಂತೆ ಬರೆದೆ, ಮೂಲದ ಕನ್ನಡ ವಾಕ್ಯವನ್ನು ಮಾತ್ರ ತಿದ್ದಲು ಹೇಳಲಿಲ್ಲ.