ಅಂಕಪಟ್ಟಿಯ ಹಿಂಬದಿಯಲ್ಲಿ ಬರೆಯಬೇಕಾದದ್ದು

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆರು ಸೆಮಿಸ್ಟರಿನ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಮನೆಗೆ ಬಂದಳು. ರಸಾಯನಶಾಸ್ತ್ರ ಪ್ರಧಾನವಾಗಿ ಬಿ.ಎಸ್‌ಸಿ. ಮುಗಿಸಿ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಂದ ಬಂದ ಉತ್ತರ ಮೂರೇ ಸಾಲಿನದು: ಪ್ರವೇಶಕ್ಕೆ 180 ಕ್ರೆಡಿಟ್ ಬೇಕು, ನಿಮ್ಮ ದಾಖಲೆಗಳಲ್ಲಿ 132 ಇದೆ, ಆದ್ದರಿಂದ ಅರ್ಜಿಯನ್ನು ಪರಿಗಣಿಸಲಾಗದು. "ಸರ್, ನಾನೂ ಮೂರು ವರ್ಷ ಓದಿದ್ದೇನೆ, ಅಲ್ಲಿಯವರೂ ಮೂರೇ ವರ್ಷ ಓದುತ್ತಾರೆ. ಮಿಕ್ಕ 48 ಎಲ್ಲಿ ಹೋಯಿತು?" ಎಂದು ಅವಳು ಕೇಳಿದಾಗ ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಕುಳಿತು, ಓದಿನ ಪ್ರಮಾಣವನ್ನು ಅಳೆಯುವ ಅದೇ ಕ್ರೆಡಿಟ್‌ಗಳನ್ನು ಹಂಚಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಹಿಂದೆ ನಮ್ಮ ಕಡೆ ಒಂದೂರಿನ ಕೊಳಗ ಇನ್ನೊಂದೂರಿನ ಕೊಳಗಕ್ಕೆ ಸಮವಾಗಿರುತ್ತಿರಲಿಲ್ಲ, ಸಂತೆಗೆ ಭತ್ತ ತಂದವನು ಮೊದಲು ಅಳತೆಯನ್ನೇ ವಿಚಾರಿಸಬೇಕಿತ್ತು. ಯುರೋಪಿನ ಪದವಿಗಳೂ ಬಹುಕಾಲ ಹೀಗೆಯೇ ಇದ್ದವು. ಇಂಗ್ಲೆಂಡಿನಲ್ಲಿ ಮೂರು ವರ್ಷಕ್ಕೆ ಮೊದಲ ಪದವಿ ಸಿಗುತ್ತಿದ್ದರೆ, ಜರ್ಮನಿಯಲ್ಲಿ ಐದು ವರ್ಷದ ಆಸುಪಾಸಿನಲ್ಲಿ ಮುಗಿಯುವ 'ಡಿಪ್ಲೊಮ್' ಎಂಬುದೇ ಮೊದಲ ಪದವಿಯಾಗಿತ್ತು. 1999ರ ಜೂನ್ 19ರಂದು ಇಟಲಿಯ ಬೊಲೊನ್ಯಾ ನಗರದಲ್ಲಿ 29 ದೇಶಗಳು ಈ ಅಳತೆಗಳನ್ನು ಹೊಂದಿಸಿಕೊಳ್ಳಲು ಒಪ್ಪಿ ಸಹಿ ಹಾಕಿದವು. 2010ರಲ್ಲಿ ಯುರೋಪಿನ ಉನ್ನತ ಶಿಕ್ಷಣ ವಲಯ ವಿಧ್ಯುಕ್ತವಾಗಿ ಆರಂಭವಾಯಿತು, ಈಗ ಅದರಲ್ಲಿ 49 ದೇಶಗಳಿವೆ. ಅವರ ಲೆಕ್ಕದಲ್ಲಿ ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್, ಒಂದೊಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ದುಡಿಮೆ. ಆ ಗಂಟೆಗಳಲ್ಲಿ ತರಗತಿ ಮತ್ತು ಪ್ರಯೋಗಾಲಯದ ಜೊತೆಗೆ ಮನೆಯಲ್ಲಿ ಕುಳಿತು ಓದುವುದು, ವರದಿ ಬರೆಯುವುದು, ಪರೀಕ್ಷೆಗೆ ತಯಾರಾಗುವುದು ಎಲ್ಲವೂ ಸೇರಿರುತ್ತದೆ.

ನಮ್ಮ ಕ್ರೆಡಿಟ್ ಹುಟ್ಟಿದ ಬಗೆ ಬೇರೆ. ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಯೋಗ ನಡೆದರೆ ಒಂದು ಕ್ರೆಡಿಟ್ ಎಂದು ನಾವು ಹಂಚುತ್ತ ಬಂದೆವು, ವಿದ್ಯಾರ್ಥಿ ರಾತ್ರಿ ಕುಳಿತು ಓದಿದ್ದು ಆ ಲೆಕ್ಕದೊಳಗೆ ಬರಲಿಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್, ಅಂದರೆ ಕ್ರೆಡಿಟ್‌ಗೆ 30 ಗಂಟೆ ಎಂದು ಹೇಳಿದ ಮೇಲೆ ಹೋಲಿಸಿ ನೋಡಲು ಒಂದು ನೆಲೆ ಸಿಕ್ಕಿತು. ಅದರ ಪ್ರಕಾರ ನನ್ನ ವಿದ್ಯಾರ್ಥಿನಿಯ 132 ಕ್ರೆಡಿಟ್ 3960 ಗಂಟೆಗಳಾಗುತ್ತವೆ. ಯುರೋಪಿನ 180ಕ್ಕೆ ಅತಿ ಕಡಿಮೆ ಎಂದರೂ 4500 ಗಂಟೆ ಬೇಕು. ಎರಡು ಬೇರೆ ಕೊಳಗಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕಳೆದದ್ದು ಅಲ್ಲಿನ ಕಚೇರಿಯ ತಪ್ಪು. ಆದರೆ ಅಳತೆಯನ್ನು ಸರಿಪಡಿಸಿಕೊಂಡ ಮೇಲೂ ಅಂತರ ಚಿಕ್ಕದಾಗುತ್ತದೆಯೇ ಹೊರತು ಪೂರ್ತಿ ಅಳಿಯುವುದಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಗಂಟೆಗಳಿಂದ ಬಗೆಹರಿಯದ ಈ ಪ್ರಶ್ನೆಗೆ ಯುರೋಪಿನವರು ಕಂಡುಕೊಂಡ ದಾರಿ ಅರ್ಹತಾ ಚೌಕಟ್ಟು. 2005ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ಸೇರಿದ ಸಚಿವರು ಪದವಿ, ಸ್ನಾತಕೋತ್ತರ, ಡಾಕ್ಟರೇಟ್ ಎಂಬ ಮೂರು ಹಂತಗಳ ಚೌಕಟ್ಟನ್ನು ಅಂಗೀಕರಿಸಿ, ಪ್ರತಿ ಹಂತದ ಕೊನೆಗೆ ವಿದ್ಯಾರ್ಥಿ ಏನನ್ನು ತಿಳಿದಿರಬೇಕು, ಏನನ್ನು ಮಾಡಬಲ್ಲವನಾಗಿರಬೇಕು ಎಂಬುದನ್ನು ಸಾಮಾನ್ಯ ಮಾತುಗಳಲ್ಲಿ ಬರೆದಿಟ್ಟರು. ಪ್ರತಿ ದೇಶವೂ ತನ್ನ ಏಣಿಯನ್ನು ತಾನೇ ಕಟ್ಟಿಕೊಂಡು, ಅದರ ಯಾವ ಮೆಟ್ಟಿಲು ವಲಯದ ಏಣಿಯ ಯಾವ ಮೆಟ್ಟಿಲಿಗೆ ಎದುರಾಗುತ್ತದೆ ಎಂಬುದನ್ನು ಹೊರದೇಶದ ತಜ್ಞರನ್ನೂ ಕೂರಿಸಿಕೊಂಡು ಪರಿಶೀಲಿಸಿ ಬಹಿರಂಗವಾಗಿ ಪ್ರಕಟಿಸಬೇಕು. ಐರ್ಲೆಂಡಿನ ಉದಾಹರಣೆ ನನಗೆ ಬಹಳ ಮೆಚ್ಚುಗೆಯದು. ಅವರ ಏಣಿಗೆ ಹತ್ತು ಮೆಟ್ಟಿಲು, ಮೇಲೆ ಹೇಳಿದ ಮೂರು ಹಂತಗಳ ಚೌಕಟ್ಟಿನಿಂದ ಬೇರೆಯಾದ 'ಯುರೋಪಿನ ಅರ್ಹತಾ ಚೌಕಟ್ಟಿ'ಗೆ ಎಂಟು. ಐರ್ಲೆಂಡಿನ ಆನರ್ಸ್ ಪದವಿ ಅಲ್ಲಿ 8ನೆಯ ಮೆಟ್ಟಿಲು, ಯುರೋಪಿನ ಲೆಕ್ಕದಲ್ಲಿ 6ನೆಯದು. ಅವರ 10 ಎಂದರೆ ಯುರೋಪಿನ 8, ಡಾಕ್ಟರೇಟ್. ಹೊಂದಾಣಿಕೆಗಾಗಿ ಅವರು ತಮ್ಮ ಏಣಿಯನ್ನು ಕಡಿದುಕೊಳ್ಳಲಿಲ್ಲ, ಎರಡರ ನಡುವೆ ಒಂದು ಪಟ್ಟಿ ಬರೆದರು, ಅದಕ್ಕೆ ಆಧಾರ ಕೊಟ್ಟರು.

ಇಂಥ ಪಟ್ಟಿಯಿಲ್ಲದಿದ್ದರೆ ಆಗುವ ತೊಂದರೆ ನಮ್ಮದೇ ಪದವಿಯಲ್ಲಿ ಕಾಣಿಸುತ್ತದೆ. 2023ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪ್ರಕಟಿಸಿದ ಉನ್ನತ ಶಿಕ್ಷಣದ ಅರ್ಹತಾ ಚೌಕಟ್ಟು ಮೂರು ವರ್ಷದ ಪದವಿಗೆ 5.5, ನಾಲ್ಕು ವರ್ಷದ ಆನರ್ಸ್‌ಗೆ 6 ಎಂಬ ಮಟ್ಟಗಳನ್ನು ಕೊಟ್ಟಿದೆ. ಯುರೋಪಿನಲ್ಲಿ ಮೂರು ವರ್ಷದ ಬ್ಯಾಚುಲರ್ ಪದವಿ 6ರಲ್ಲಿದೆ. ಈ ಎರಡು ಆರುಗಳು ಒಂದೇ ಅಲ್ಲ. ಆದರೂ ದೂರದ ಕಚೇರಿಯಲ್ಲಿ ಕುಳಿತು ದಿನಕ್ಕೆ ಹತ್ತಾರು ದೇಶಗಳ ಕಾಗದ ನೋಡುವ ಸಿಬ್ಬಂದಿಗೆ 5.5 ಎಂಬುದು 6ಕ್ಕಿಂತ ಕಡಿಮೆಯಾಗಿ ಕಂಡರೆ ಅವರನ್ನು ದೂರುವಂತಿಲ್ಲ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಮಾದರಿಯನ್ನು ತಂದು 2024ರಲ್ಲಿ ಮೂರು ವರ್ಷಕ್ಕೆ ಮರಳಿದಾಗ ನಡೆದ ವಾದಗಳೆಲ್ಲ ವರ್ಷಗಳ ಸುತ್ತಲೇ ಸುತ್ತಿದವು. ಮೂರು ವರ್ಷವೇ ಇರಲಿ, ನನಗೆ ತಕರಾರಿಲ್ಲ, ಬಡ ಮನೆಯ ಮಕ್ಕಳಿಗೆ ನಾಲ್ಕನೆಯ ವರ್ಷ ದೊಡ್ಡ ಹೊರೆ. ಆದರೆ ಆ ಮೂರು ವರ್ಷಗಳಲ್ಲಿ ಏನು ಕಲಿತರು ಎಂಬುದನ್ನು ಹೊರಗಿನವರು ಓದಿ ತಿಳಿಯುವಂತೆ ಬರೆದಿಡುವ ಕೆಲಸ ಎರಡೂ ಸಲ ಹಿಂದೆ ಉಳಿಯಿತು.

ಬರೆದದ್ದು ನಿಜವೆಂದು ಸಾಕ್ಷಿ ಹೇಳುವವರು ಯಾರು? ಅರ್ಹತಾ ಚೌಕಟ್ಟಿನ ಜೊತೆಗೆ ಮಾನ್ಯತೆಯ ವ್ಯವಸ್ಥೆ ಹೆಣೆದುಕೊಳ್ಳುವುದು ಇಲ್ಲಿಯೇ. ಬರ್ಗೆನ್‌ನಲ್ಲೇ ಗುಣಮಟ್ಟ ಖಾತರಿಯ ಸಾಮಾನ್ಯ ಮಾನದಂಡಗಳನ್ನೂ ಒಪ್ಪಿಕೊಂಡರು, 2015ರಲ್ಲಿ ಅವನ್ನು ಪರಿಷ್ಕರಿಸಿದರು. ಸಂಸ್ಥೆಗಳನ್ನು ಪರೀಕ್ಷಿಸುವ ಏಜೆನ್ಸಿಗಳೂ ಹೊರಗಿನವರಿಂದ ಪರೀಕ್ಷೆಗೆ ಒಳಗಾಗಬೇಕು, ಗೆದ್ದವುಗಳ ಹೆಸರು 2008ರಲ್ಲಿ ಸ್ಥಾಪನೆಯಾದ ಯುರೋಪಿನ ಏಜೆನ್ಸಿ ನೋಂದಣಿ ಪುಸ್ತಕಕ್ಕೆ ಸೇರುತ್ತದೆ. ತಜ್ಞರ ತಂಡದಲ್ಲಿ ವಿದ್ಯಾರ್ಥಿಯೊಬ್ಬ ಸದಸ್ಯನಾಗಿರಬೇಕು, ಮತ್ತು ತಂಡದ ಪೂರ್ಣ ವರದಿ ಪ್ರಕಟವಾಗಬೇಕು. ನಾನು ಕೆಲವು ವರ್ಷ ನಮ್ಮ ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ (ಐಕ್ಯೂಎಸಿ) ಸಂಯೋಜಕನಾಗಿ, ಕಾಲೇಜುಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಭೇಟಿಗೆ ಸ್ವ-ಅಧ್ಯಯನ ವರದಿ ಸಿದ್ಧಪಡಿಸಿದವನು. ನಮ್ಮಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಸಮೀಕ್ಷೆಯ ಮೂಲಕ ಬರುತ್ತದೆ, ಆದರೆ ತಜ್ಞರ ಸಾಲಿನಲ್ಲಿ ಅವರಿಗೆ ಕುರ್ಚಿಯಿಲ್ಲ. ಪ್ರಯೋಗಾಲಯದಲ್ಲಿ ಎಷ್ಟು ಜನಕ್ಕೆ ಒಂದು ತಕ್ಕಡಿ, ಎಷ್ಟು ವಾರ ಪ್ರಯೋಗ ನಿಜಕ್ಕೂ ನಡೆಯಿತು ಎಂಬ ಪ್ರಶ್ನೆಗಳು ಅವರಿಗೆ ಹೊಳೆಯುವಷ್ಟು ಬೇಗ ಪ್ರಾಧ್ಯಾಪಕರಿಗೆ ಹೊಳೆಯುವುದಿಲ್ಲ. ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಬಯಸುತ್ತೇನೆ.

ಯುರೋಪಿನಲ್ಲೂ ಇದು ಸಲೀಸಾಗಿ ಸಾಗಲಿಲ್ಲ. ಓದಿನ ಹೊರೆ ಮಿತಿಮೀರಿದೆ ಎಂದು 2009ರಲ್ಲಿ ಜರ್ಮನಿಯ ವಿದ್ಯಾರ್ಥಿಗಳು ಬೀದಿಗಿಳಿದರು. ಮಾನ್ಯತೆಯ ಮೂಲ ನಿಯಮಗಳನ್ನು ಶಾಸನಸಭೆಯೇ ರೂಪಿಸಬೇಕು, ಅದನ್ನು ಏಜೆನ್ಸಿಗಳ ಪಾಲಿಗೆ ಬಿಡುವಂತಿಲ್ಲ ಎಂದು 2016ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. 2018ರಿಂದ ಹದಿನಾರು ರಾಜ್ಯಗಳ ಒಪ್ಪಂದದ ಮೇಲೆ ಹೊಸ ವ್ಯವಸ್ಥೆ ನಡೆಯುತ್ತಿದೆ. ಇಷ್ಟೆಲ್ಲದರ ನಡುವೆಯೂ ಡ್ರೆಸ್ಡೆನ್ನಿನ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಹಳೆಯ ಎಂಜಿನಿಯರಿಂಗ್ ಡಿಪ್ಲೊಮ್ ಅನ್ನು ಹತ್ತು ಸೆಮಿಸ್ಟರ್, 300 ಕ್ರೆಡಿಟ್ ಎಂದು ಹೊಸ ಅಳತೆಯಲ್ಲಿ ಬರೆದು ಉಳಿಸಿಕೊಂಡಿದೆ. ವಲಯದ ಮಾನದಂಡಕ್ಕೆ ಹೊಂದಿಕೊಂಡರೆ ನಮ್ಮತನ ಹೋಗುತ್ತದೆ ಎಂಬ ಭಯಕ್ಕೆ ನಾನು ಇದನ್ನೇ ಉತ್ತರವಾಗಿ ತೋರಿಸುತ್ತೇನೆ.

1997ರ ಲಿಸ್ಬನ್ ಒಡಂಬಡಿಕೆಯಂತೆ, ಅದಕ್ಕೆ ಸೇರಿದ ದೇಶಗಳ ನಡುವೆ ಪದವಿಯೊಂದನ್ನು ಒಪ್ಪದಿದ್ದರೆ ಎರಡರ ನಡುವೆ ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಿಕೊಡುವ ಹೊಣೆ ನಿರಾಕರಿಸುವ ಸಂಸ್ಥೆಯದು. ಭಾರತ ಅದರ ಹೊರಗಿರುವುದರಿಂದ ಆ ಹೊಣೆ ಪ್ಲಾಸ್ಟಿಕ್ ಫೈಲು ಹಿಡಿದು ಬಂದ ಹುಡುಗಿಯ ಹೆಗಲಿಗೆ ಬೀಳುತ್ತದೆ. ಯುರೋಪಿನ ಪದವೀಧರರಿಗೆ ಪದವಿಪತ್ರದೊಂದಿಗೆ 'ಡಿಪ್ಲೊಮಾ ಸಪ್ಲಿಮೆಂಟ್' ಎಂಬ ಎಂಟು ಭಾಗಗಳ ದಾಖಲೆ ಉಚಿತವಾಗಿ ಸಿಗಬೇಕೆಂದು 2003ರಲ್ಲೇ ಸಚಿವರು ನಿರ್ಧರಿಸಿದ್ದರು. ಪದವಿಯ ಮಟ್ಟ, ಓದಿದ ವಿಷಯ, ಅಂಕ ನೀಡುವ ಪದ್ಧತಿ, ಕೊನೆಯ ಭಾಗದಲ್ಲಿ ಆ ದೇಶದ ಉನ್ನತ ಶಿಕ್ಷಣ ವ್ಯವಸ್ಥೆಯ ವಿವರಣೆ ಅದರಲ್ಲಿರುತ್ತದೆ.

ಅದರ ಒಂದು ನಮೂನೆಯನ್ನು ಎದುರಿಗಿಟ್ಟುಕೊಂಡು ನಾವಿಬ್ಬರೂ ನಾಲ್ಕು ದಿನ ಕುಳಿತೆವು. ಅವಳ ಅಂಕಪಟ್ಟಿಯ ಐದನೆಯ ಸೆಮಿಸ್ಟರಿನಲ್ಲಿ 'ರಸಾಯನಶಾಸ್ತ್ರ ಪತ್ರಿಕೆ 5' ಎಂದಷ್ಟೇ ಅಚ್ಚಾಗಿತ್ತು. ಅದರಡಿ ಕಲಿಸಿದ್ದೇನು, ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಯೋಗ, ಮನೆಯ ಓದು ಅಂದಾಜು ಎಷ್ಟು, ಯಾವ ಉಪಕರಣ ಬಳಸಿದಳು, ಪರೀಕ್ಷೆ ಹೇಗೆ ನಡೆಯಿತು ಎಂದು ಪ್ರತಿ ಪತ್ರಿಕೆಗೂ ಅರ್ಧ ಪುಟದಂತೆ ಬರೆದೆವು. ನಡೆಯದ ಪ್ರಯೋಗಗಳನ್ನು ನಡೆದಿವೆ ಎಂದು ಬರೆಯಲಿಲ್ಲ. ವಿಭಾಗದ ಮುಖ್ಯಸ್ಥರ ಸಹಿ, ಕುಲಸಚಿವರ ಮುದ್ರೆ ಪಡೆದು ಕಳುಹಿಸಿದ ಆರು ವಾರಗಳ ಮೇಲೆ ಎರಡನೆಯ ಪತ್ರ ಬಂತು. ಪ್ರವೇಶ ಸಿಕ್ಕಿತ್ತು, ಒಂದು ಷರತ್ತಿನೊಂದಿಗೆ: ಮೊದಲ ವರ್ಷದಲ್ಲಿ ಕ್ವಾಂಟಮ್ ರಸಾಯನಶಾಸ್ತ್ರ ಮತ್ತು ಸ್ಪೆಕ್ಟ್ರೊಸ್ಕೋಪಿ ಪ್ರಯೋಗ ಎಂಬ ಎರಡು ಹೆಚ್ಚುವರಿ ವಿಷಯಗಳನ್ನು ಮುಗಿಸಬೇಕು. ನಮ್ಮ ಪಠ್ಯಕ್ರಮ ತೆಗೆದು ನೋಡಿದೆ. ಮೊದಲನೆಯದು ಒಂದು ಘಟಕದ ಅರ್ಧದಷ್ಟಿತ್ತು, ಎರಡನೆಯದನ್ನು ನಾವು ಕಲಿಸಿಯೇ ಇರಲಿಲ್ಲ. ಆ ಎರಡು ಹೆಸರುಗಳನ್ನು ಬರೆದು ಅಧ್ಯಯನ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಅಧ್ಯಕ್ಷರಿಗೆ ಕಳುಹಿಸಿದ್ದೇನೆ.